ಕಾವೇರಿ ಎಂಬ ಹಡಗು



ಮೇಚೇರಿ, ಮೇಟೂರು ಕಡೆಯ ಜನರಿಗೆ ಕಾವೇರಿಯ ಪರಿಚಯ ಮಾಡಿಕೊಡುವ ಅಗತ್ಯವಿಲ್ಲ. ಕೊಡಗಿನ ತಲಕಾವೇರಿಯಲ್ಲಿ ಹುಟ್ಟಿ, ಹೊಗೆನಕಲ್ಲಿನ ಬಂಡೆಗಳ ನಡುವೆ ಹೊಗೆಯಂತೆ ಹನಿ ಎರಚಿ, ಮೇಟೂರಿನ ಕಟ್ಟೆಗೆ ಬಂದು ನಿಲ್ಲುವ ಆ ತಾಯಿಯನ್ನು ನಾವು ನಿತ್ಯವೂ ಕಾಣುತ್ತೇವೆ. ಆಡಿ ಹದಿನೆಂಟರಂದು ಅವಳಿಗೆ ಅರಿಸಿನ ಕುಂಕುಮ ಇಡುತ್ತೇವೆ. ಮನೆಯೊಳಗೆ ಕನ್ನಡದಲ್ಲಿ ಕರೆದರೂ, ಸಂತೆಯಲ್ಲಿ ತಮಿಳಿನಲ್ಲಿ ಕರೆದರೂ ಅವಳ ಹೆಸರು ಬದಲಾಗುವುದಿಲ್ಲ. ಎರಡು ಭಾಷೆಯಲ್ಲೂ ಅವಳು ಕಾವೇರಿಯೇ.

ಆದರೆ ಇದೇ ಹೆಸರಿನ ಇನ್ನೊಬ್ಬಳಿದ್ದಳು. ಅವಳು ನೀರಿನವಳಲ್ಲ, ಉಕ್ಕಿನವಳು. ಹುಟ್ಟಿದ್ದು ಕೊಡಗಿನಲ್ಲಲ್ಲ, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ, ಕ್ಲೈಡ್ ಎಂಬ ನದಿಯ ದಡದಲ್ಲಿ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅವಳು ಕಡಲಿನ ಮೇಲೆ ದುಡಿದಳು. ಮೊದಲು ಇಂಗ್ಲೆಂಡಿನ ದೊರೆಯ ಹೆಸರಿನಲ್ಲಿ, ನಂತರ ಸ್ವತಂತ್ರ ಭಾರತದ ಹೆಸರಿನಲ್ಲಿ. ಭಾರತೀಯ ನೌಕಾಪಡೆಯ ಫ್ರಿಗೇಟ್ ‘ಕಾವೇರಿ’ಯ ಸೇವಾ ಚರಿತ್ರೆಯನ್ನು ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

ನಾನು ನೌಕಾಪಡೆಯಲ್ಲಿ ಇದ್ದವನಲ್ಲ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಡ್ಜರ್ ಬರೆದು ನಿವೃತ್ತನಾದವನು. ಖಾತೆ ಯಾವಾಗ ತೆರೆಯಿತು, ಯಾರ ಹೆಸರಿಗೆ ವರ್ಗವಾಯಿತು, ಯಾವಾಗ ಮುಕ್ತಾಯವಾಯಿತು ಎಂದು ನೋಡುವ ಅಭ್ಯಾಸ ಇನ್ನೂ ಹೋಗಿಲ್ಲ. ಹಡಗಿಗೂ ಅಂಥದೊಂದು ಖಾತೆ ಇರುತ್ತದೆ. ಅದನ್ನು ಸಾಲುಸಾಲಾಗಿ ಓದಿದರೆ ಒಂದು ದೇಶದ ಕಥೆಯೇ ಅದರೊಳಗೆ ಸಿಗುತ್ತದೆ.

ಮೊದಲು ಫ್ರಿಗೇಟ್ ಎಂದರೇನು ಎಂಬುದನ್ನು ತಿಳಿದುಕೊಳ್ಳೋಣ. ನಾವು ಕನ್ನಡದಲ್ಲಿ ಹಡಗು ಎನ್ನುತ್ತೇವೆ, ತಮಿಳಿನಲ್ಲಿ ಕಪ್ಪಲ್ ಎನ್ನುತ್ತೇವೆ. ಹೊಗೆನಕಲ್ಲಿನಲ್ಲೂ ಮೇಟೂರಿನ ಹಿನ್ನೀರಿನಲ್ಲೂ ನಾವು ನೋಡಿರುವುದು ಹರಿಗೋಲು, ಅಂದರೆ ಪರಿಸಲ್ ಮಾತ್ರ. ಕಡಲಿನ ಯುದ್ಧನೌಕೆಗಳಲ್ಲಿ ಹಲವು ಜಾತಿಗಳಿವೆ. ವಿಮಾನಗಳನ್ನು ಹೊತ್ತು ಸಾಗುವ ವಿಮಾನವಾಹಕ ನೌಕೆ ಇದೆ. ದೊಡ್ಡ ಫಿರಂಗಿಗಳ ಕ್ರೂಸರ್ ಇದೆ. ವೇಗವಾಗಿ ಓಡುವ ಡೆಸ್ಟ್ರಾಯರ್ ಇದೆ. ಇವುಗಳಿಗಿಂತ ಚಿಕ್ಕದಾಗಿ, ಸರಕು ಹಡಗುಗಳಿಗೆ ಬೆಂಗಾವಲಾಗಿ ಹೋಗುವುದು ಫ್ರಿಗೇಟ್. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಥದೇ ಕೆಲಸದ ಒಂದು ಬಗೆಯ ಹಡಗನ್ನು ಸ್ಲೂಪ್ ಎನ್ನುತ್ತಿದ್ದರು. ಕಾವೇರಿ ಸ್ಲೂಪ್ ಆಗಿ ಹುಟ್ಟಿದಳು. ಯುದ್ಧ ಮುಗಿದ ಮೇಲೆ ಆ ಬಗೆಯ ಹಡಗುಗಳನ್ನೆಲ್ಲ ಫ್ರಿಗೇಟ್ ವರ್ಗಕ್ಕೆ ಸೇರಿಸಿದರು.

ಅವಳ ಅಳತೆಯನ್ನು ಕೇಳಿ. ಉದ್ದ ಸುಮಾರು 299 ಅಡಿ, ಅಗಲ 38 ಅಡಿ. ನಮ್ಮ ಮೇಟೂರು ಅಣೆಕಟ್ಟೆಯ ಉದ್ದ ಸುಮಾರು 5,300 ಅಡಿ. ಅಂದರೆ ಇಂಥ ಹದಿನೇಳು ಹಡಗುಗಳನ್ನು ಕಟ್ಟೆಯ ಪಕ್ಕ ಸಾಲಾಗಿ ನಿಲ್ಲಿಸಿದರೂ ಸ್ವಲ್ಪ ಜಾಗ ಉಳಿಯುತ್ತದೆ. ನೀರಿನೊಳಗೆ ಸುಮಾರು 11 ಅಡಿ ಮುಳುಗಿರುತ್ತಿದ್ದಳು. ವೇಗ ಗಂಟೆಗೆ 20 ನಾಟಿಕಲ್ ಮೈಲಿ, ಅಂದರೆ ಸುಮಾರು 37 ಕಿಲೋಮೀಟರು. ಘಾಟಿ ಹತ್ತುವ ನಮ್ಮ ಟೌನ್ ಬಸ್ಸಿನ ವೇಗ ಎಂದಿಟ್ಟುಕೊಳ್ಳಿ. ನಾಲ್ಕು ಅಂಗುಲ ಬಾಯಿಯ ಆರು ಫಿರಂಗಿಗಳು ಜೋಡಿಜೋಡಿಯಾಗಿ ಮೂರು ಕಡೆ ಕೂತಿದ್ದವು. ಸುಮಾರು 190 ಮಂದಿ ಅದರೊಳಗೆ ಉಂಡು, ಮಲಗಿ, ಕೆಲಸ ಮಾಡುತ್ತಿದ್ದರು.

ಇಂಥ ಹಡಗು ಯಾಕೆ ಬೇಕಾಯಿತು? ಅದು 1942ನೆಯ ಇಸವಿ. ಜರ್ಮನಿಯ ಜಲಾಂತರ್ಗಾಮಿ ಹಡಗುಗಳು ನೀರಿನಡಿಯಲ್ಲಿ ಅಡಗಿಕೊಂಡು, ಇಂಗ್ಲೆಂಡಿಗೆ ಗೋಧಿ, ಎಣ್ಣೆ, ಮದ್ದುಗುಂಡು ಒಯ್ಯುವ ಸರಕು ಹಡಗುಗಳನ್ನು ಒಂದೊಂದಾಗಿ ಮುಳುಗಿಸುತ್ತಿದ್ದವು. ಅವುಗಳನ್ನು ಹುಡುಕಿ ಹೊಡೆಯಲು ನಿಧಾನವಾದರೂ ಗಟ್ಟಿಯಾದ, ಬಹಳ ದಿನ ಕಡಲಿನಲ್ಲೇ ಇರಬಲ್ಲ ಹಡಗು ಬೇಕಿತ್ತು. ‘ಬ್ಲ್ಯಾಕ್ ಸ್ವಾನ್’, ಅಂದರೆ ಕಪ್ಪು ಹಂಸ ಎಂಬ ವರ್ಗದ ಸ್ಲೂಪ್‌ಗಳು ಈ ಕೆಲಸಕ್ಕೆ ಹೆಸರಾದವು.

ಅವು ಕೆಲಸ ಮಾಡುತ್ತಿದ್ದ ಬಗೆ ಹೀಗಿತ್ತು. ಹಡಗಿನ ತಳದಲ್ಲಿದ್ದ ಆಸ್ಡಿಕ್ ಎಂಬ ಯಂತ್ರ ನೀರಿನೊಳಕ್ಕೆ ಒಂದು ಶಬ್ದವನ್ನು ಕಳಿಸುತ್ತಿತ್ತು. ಕೆಳಗೆ ಜಲಾಂತರ್ಗಾಮಿ ಇದ್ದರೆ ಆ ಶಬ್ದ ಅದಕ್ಕೆ ತಾಗಿ ಮರಳಿ ಬರುತ್ತಿತ್ತು. ನಾವು ಬಾವಿಯೊಳಕ್ಕೆ ಕೂಗಿ ಮಾರ್ದನಿ ಕೇಳುವುದಿಲ್ಲವೆ, ಹಾಗೆಯೇ. ಮಾರ್ದನಿ ಬರಲು ಎಷ್ಟು ಹೊತ್ತಾಯಿತು ಎಂಬುದರಿಂದ ದೂರವನ್ನು ಲೆಕ್ಕ ಹಾಕುತ್ತಿದ್ದರು. ಆಮೇಲೆ ಅದರ ಮೇಲೆ ಹಾದುಹೋಗಿ, ಪೀಪಾಯಿಯಂಥ ಸ್ಫೋಟಕಗಳನ್ನು ನೀರಿಗೆ ಉರುಳಿಸುತ್ತಿದ್ದರು. ಅವು ನಿಗದಿ ಮಾಡಿದ ಆಳಕ್ಕೆ ಇಳಿದ ಮೇಲೆ ಸಿಡಿಯುತ್ತಿದ್ದವು. ಇದೇ ವರ್ಗದ ‘ಸ್ಟಾರ್ಲಿಂಗ್’ ಹಡಗಿನ ಕ್ಯಾಪ್ಟನ್ ವಾಕರ್ ಎಂಬಾತನ ತಂಡ 1944ರ ಜನವರಿ, ಫೆಬ್ರವರಿಯಲ್ಲಿ ಒಂದೇ ಪ್ರಯಾಣದಲ್ಲಿ ಆರು ಜರ್ಮನ್ ಜಲಾಂತರ್ಗಾಮಿಗಳನ್ನು ಮುಳುಗಿಸಿತು.

ಆಗಿನ ರಾಯಲ್ ಇಂಡಿಯನ್ ನೇವಿಗಾಗಿ ಈ ವರ್ಗದ ಆರು ಹಡಗುಗಳನ್ನು ಬ್ರಿಟನ್ನಿನಲ್ಲಿ ಕಟ್ಟಿದರು. ಆರಕ್ಕೂ ನಮ್ಮ ನದಿಗಳ ಹೆಸರನ್ನೇ ಇಟ್ಟರು: ಸಟ್ಲೆಜ್, ಜಮುನಾ, ನರ್ಮದಾ, ಗೋದಾವರಿ, ಕೃಷ್ಣಾ, ಕಾವೇರಿ. ಉತ್ತರದ ಎರಡು, ನಡುವಿನ ಒಂದು, ದಕ್ಷಿಣದ ಮೂರು. ಆದರೆ ಇಂಗ್ಲಿಷರ ನಾಲಿಗೆಗೆ ನಮ್ಮ ಹೆಸರುಗಳು ಸರಿಯಾಗಿ ಹೊರಳಲಿಲ್ಲ. ಕೃಷ್ಣೆಯನ್ನು ‘ಕಿಸ್ಟ್ನಾ’ ಎಂದೂ, ನರ್ಮದೆಯನ್ನು ‘ನರ್ಬದಾ’ ಎಂದೂ ಬರೆದರು. ಕಾವೇರಿಯನ್ನು ಬರೆದ ಕಾಗುಣಿತವನ್ನು ಓದಿದರೆ ‘ಕಾವರಿ’ ಎಂದು ಕೇಳಿಸುತ್ತಿತ್ತು. ಹೆಸರನ್ನು ತಿದ್ದಿಕೊಳ್ಳಲು ಸ್ವಾತಂತ್ರ್ಯ ಬಂದ ಮೇಲೂ ಸಾಕಷ್ಟು ಕಾಲ ಹಿಡಿಯಿತು.

ಕಾವೇರಿಯನ್ನು ಕಟ್ಟಿದ್ದು ಯಾರೋ ಎಂಬ ಕಂಪನಿ. ನಗಬೇಡಿ, ಅದು ನಮ್ಮ ‘ಯಾರೋ’ ಅಲ್ಲ; ಗ್ಲಾಸ್ಗೋದ ಹೆಸರಾಂತ ಹಡಗು ಕಾರ್ಖಾನೆ. 1943ರ ಜೂನ್ 15ರಂದು ಕಾವೇರಿ ನೀರಿಗಿಳಿದಳು. ಅದೇ ವರ್ಷದ ಅಕ್ಟೋಬರ್ 21ರಂದು ಸೇವೆಗೆ ಸೇರಿದಳು. ಕೃಷ್ಣಾ ಹಡಗೂ ಅದೇ ಕಾರ್ಖಾನೆಯ ಮಗಳು. ಅಕ್ಕತಂಗಿಯರಂತೆ ಜೊತೆಯಲ್ಲೇ ಬೆಳೆದ ಈ ಎರಡು ಹಡಗುಗಳು ಕೊನೆಯ ದಿನಗಳಲ್ಲೂ ಜೊತೆಯಾಗಿಯೇ ಇದ್ದವು. ಅದನ್ನು ಮುಂದೆ ಹೇಳುತ್ತೇನೆ.

ಯುದ್ಧ ಯುರೋಪಿನಲ್ಲಿ ಮಾತ್ರ ನಡೆಯಿತು ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಹಿಂದೂ ಮಹಾಸಾಗರವೂ ಆಗ ಸುರಕ್ಷಿತವಾಗಿರಲಿಲ್ಲ. 1944ರ ಫೆಬ್ರವರಿ 12ರಂದು ಮೊಂಬಾಸದಿಂದ ಕೊಲಂಬೊಗೆ ಬರುತ್ತಿದ್ದ ‘ಖೆಡೀವ್ ಇಸ್ಮಾಯಿಲ್’ ಎಂಬ ಹಡಗನ್ನು ಮಾಲ್ಡೀವ್ಸ್ ಬಳಿ ಜಪಾನಿನ ಜಲಾಂತರ್ಗಾಮಿಯೊಂದು ಹೊಡೆಯಿತು. ಎರಡು ನಿಮಿಷದೊಳಗೆ ಹಡಗು ಮುಳುಗಿತು. 1,297 ಜನ ಸತ್ತರು. ಅವರಲ್ಲಿ ಸೈನಿಕರಿದ್ದರು, ದಾದಿಯರೂ ಇದ್ದರು. ಅದರ ಹಿಂದಿನ ದಿನವೇ, ಫೆಬ್ರವರಿ 11ರಂದು, ವಿಶಾಖಪಟ್ಟಣದ ಆಚೆಯ ಕಡಲಿನಲ್ಲಿ ಇನ್ನೊಂದು ಜಪಾನೀ ಜಲಾಂತರ್ಗಾಮಿಯನ್ನು ಕಾವೇರಿಯ ಸೋದರಿ ಜಮುನಾ ಎರಡು ಆಸ್ಟ್ರೇಲಿಯನ್ ಹಡಗುಗಳ ಜೊತೆ ಸೇರಿ ಮುಳುಗಿಸಿದ್ದಳು. ಇಂಥ ಕಡಲಿನಲ್ಲಿ ಸರಕು ಹಡಗುಗಳ ಸಾಲನ್ನು ಕಾಯುವುದು ಕಾವೇರಿಯ ಕೆಲಸವಾಗಿತ್ತು. ಕಾವಲಿನ ಕೆಲಸದಲ್ಲಿ ಏನೂ ನಡೆಯದಿದ್ದರೆ ಅದೇ ಗೆಲುವು. ಏನೂ ನಡೆಯದ ದಿನವನ್ನು ಯಾರೂ ಪತ್ರಿಕೆಯಲ್ಲಿ ಬರೆಯುವುದಿಲ್ಲ.

ಈ ಹಡಗುಗಳ ನಾವಿಕರು ಪಂಜಾಬಿನಿಂದ, ಕೊಂಕಣದಿಂದ, ಬಂಗಾಳದಿಂದ, ಮದ್ರಾಸು ಪ್ರಾಂತದಿಂದ ಬಂದ ಯುವಕರು. ಮೇಲಧಿಕಾರಿಗಳಲ್ಲಿ ಬಹುಪಾಲು ಇಂಗ್ಲಿಷರು. ಊಟದಲ್ಲಿ ಭೇದ, ಸಂಬಳದಲ್ಲಿ ಭೇದ, ಬೈಗುಳ ಬೇರೆ. ಈ ಅಸಮಾಧಾನ 1946ರ ಫೆಬ್ರವರಿ 18ರಂದು ಮುಂಬಯಿಯ ‘ತಲ್ವಾರ್’ ಎಂಬ ನೌಕಾ ತರಬೇತಿ ನೆಲೆಯಲ್ಲಿ ಮುಷ್ಕರವಾಗಿ ಒಡೆಯಿತು. ಕೆಟ್ಟ ಊಟದಿಂದ ಶುರುವಾದ ದೂರು ನೋಡುನೋಡುತ್ತ ದೇಶದ ಸ್ವಾತಂತ್ರ್ಯದ ಕೂಗಾಯಿತು. ಕರಾಚಿಯಿಂದ ಕಲ್ಕತ್ತದವರೆಗೆ 78 ಹಡಗುಗಳಿಗೂ ಸುಮಾರು 20,000 ನಾವಿಕರಿಗೂ ಅದು ಹಬ್ಬಿತು. ಐದಾರು ದಿನದಲ್ಲಿ ಮುಷ್ಕರ ಮುಗಿಯಿತು. ಆದರೆ ಆಮೇಲೆ ಭಾರತೀಯ ಸೈನಿಕರನ್ನು ನೆಚ್ಚಿಕೊಂಡು ಭಾರತವನ್ನು ಆಳಲಾಗದು ಎಂಬುದು ಇಂಗ್ಲಿಷರಿಗೆ ಅರ್ಥವಾಯಿತು.

ಇನ್ನು 1947. ದೇಶ ಒಡೆದಾಗ ಕಚೇರಿಯ ಮೇಜು, ಕುರ್ಚಿ, ಟೈಪ್‌ರೈಟರುಗಳನ್ನೂ ಹಂಚಿಕೊಂಡರು ಎಂಬುದನ್ನು ನೀವು ಕೇಳಿರಬಹುದು. ಅವಿಭಕ್ತ ಕುಟುಂಬದ ಪಾಲುಪಟ್ಟಿಯಲ್ಲಿ ಎತ್ತು, ಗಾಡಿ, ಹಂಡೆ, ಕೊಪ್ಪರಿಗೆ ಹಂಚುವ ಹಾಗೆ ಯುದ್ಧನೌಕೆಗಳನ್ನೂ ಹಂಚಿದರು. ಆರು ಸ್ಲೂಪ್‌ಗಳಲ್ಲಿ ನಾಲ್ಕು ಭಾರತಕ್ಕೆ, ಎರಡು ಪಾಕಿಸ್ತಾನಕ್ಕೆ. ಸಟ್ಲೆಜ್, ಜಮುನಾ, ಕೃಷ್ಣಾ, ಕಾವೇರಿ ನಮಗೆ ಉಳಿದವು. ನರ್ಮದಾ ಮತ್ತು ಗೋದಾವರಿ ಅತ್ತ ಹೋದವು.

ಇದನ್ನು ಸ್ವಲ್ಪ ಯೋಚಿಸಿ ನೋಡಿ. ನಾಸಿಕದ ಬಳಿ ಹುಟ್ಟಿ ಆಂಧ್ರದಲ್ಲಿ ಕಡಲು ಸೇರುವ ಗೋದಾವರಿಯ ಒಂದು ಹನಿಯೂ ಪಾಕಿಸ್ತಾನಕ್ಕೆ ಹರಿಯುವುದಿಲ್ಲ. ಆದರೂ ಗೋದಾವರಿ ಎಂಬ ಹಡಗು ಪಾಕಿಸ್ತಾನದ ಪಾಲಾಯಿತು. ಅಲ್ಲಿ ಅದರ ಹೆಸರು ‘ಸಿಂಧ್’ ಎಂದಾಯಿತು. ನರ್ಮದಾ ‘ಝೇಲಂ’ ಆಯಿತು. ಇತ್ತ ಸಟ್ಲೆಜ್ ನದಿ ಪಾಕಿಸ್ತಾನದೊಳಕ್ಕೆ ಹರಿದರೂ ಆ ಹೆಸರಿನ ಹಡಗು ಭಾರತದಲ್ಲೇ ಉಳಿಯಿತು. ಒಂದೇ ಮಹಾಯುದ್ಧದಲ್ಲಿ ಒಂದೇ ಬಾವುಟದ ಕೆಳಗೆ ದುಡಿದ ಹಡಗುಗಳು, ಒಂದೇ ಹಲಗೆಯ ಮೇಲೆ ಊಟ ಮಾಡಿದ ನಾವಿಕರು, ಒಂದೇ ದಿನದಲ್ಲಿ ಎರಡು ದೇಶದವರಾದರು. ಗಡಿ ಎಂಬುದು ಕಾಗದದ ಮೇಲೆ ಸುಲಭವಾಗಿ ಬೀಳುತ್ತದೆ. 1956ರಲ್ಲಿ ಭಾಷೆಯ ಲೆಕ್ಕದಲ್ಲಿ ರಾಜ್ಯಗಳನ್ನು ಮಾಡಿದಾಗ ಒಂದೇ ಮನೆತನದ ಜನ ಎರಡು ರಾಜ್ಯದವರಾಗಿ ಎಣಿಸಲ್ಪಟ್ಟದ್ದನ್ನು ಬಲ್ಲ ಈ ಕಡೆಯವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ.

ಸ್ವತಂತ್ರ ಭಾರತದಲ್ಲಿ ಕಾವೇರಿಗೆ ಕೆಲಸ ಬೇಗನೇ ಬಂತು. ಸೌರಾಷ್ಟ್ರದ ಜುನಾಗಢದ ನವಾಬ ತನ್ನ ಸಂಸ್ಥಾನವನ್ನು ಪಾಕಿಸ್ತಾನಕ್ಕೆ ಸೇರಿಸಿದ. ಅಲ್ಲಿನ ಪ್ರಜೆಗಳಲ್ಲಿ ಬಹುಪಾಲು ಹಿಂದೂಗಳು. ಸುತ್ತಲಿನ ನೆಲವೆಲ್ಲ ಭಾರತದ್ದು. 1947ರ ಅಕ್ಟೋಬರಿನಲ್ಲಿ ಭಾರತ ಸರಕಾರ ಸೌರಾಷ್ಟ್ರದ ಕರಾವಳಿಗೆ ಸೈನ್ಯವನ್ನು ಕಳಿಸಿತು. ಪೋರಬಂದರಿನ ದಡಕ್ಕೆ ಸೈನಿಕರನ್ನು ಇಳಿಸಿದ ನೌಕಾ ತಂಡದಲ್ಲಿ ಕೃಷ್ಣಾ, ಜಮುನಾ ಹಡಗುಗಳ ಜೊತೆ ಕಾವೇರಿಯೂ ಇದ್ದಳು. ನವಾಬ ಕರಾಚಿಗೆ ಹೋದ. ನವೆಂಬರ್ 9ರಂದು ಜುನಾಗಢದ ಆಡಳಿತ ಭಾರತದ ಕೈಗೆ ಬಂತು. 1948ರ ಫೆಬ್ರವರಿಯಲ್ಲಿ ಜನಮತ ಕೇಳಿದಾಗ ಪಾಕಿಸ್ತಾನದ ಕಡೆ ಬಿದ್ದದ್ದು 91 ವೋಟು. ಭಾರತದ ಕಡೆ 1,90,779. ಸ್ವತಂತ್ರ ಭಾರತದ ನೌಕೆಗಳು ದೇಶಕ್ಕಾಗಿ ಮಾಡಿದ ಮೊದಲ ಕಾರ್ಯಾಚರಣೆ ಎಂದರೆ ಇದೇ.

1950ರ ಜನವರಿ 26ರಂದು ಗಣರಾಜ್ಯವಾದಾಗ ‘ಹಿಸ್ ಮೆಜೆಸ್ಟಿ’ ಎಂಬ ದೊರೆಯ ಗುರುತು ಹಡಗಿನ ಹೆಸರಿನಿಂದ ಹೋಯಿತು. ಐ.ಎನ್.ಎಸ್., ಅಂದರೆ ಭಾರತೀಯ ನೌಕಾ ಹಡಗು ಎಂಬುದು ಬಂತು. ಅದೇ ಉಕ್ಕು, ಅದೇ ಫಿರಂಗಿ, ಅದೇ ಬಾಯ್ಲರು. ಒಡೆಯರು ಮಾತ್ರ ಬೇರೆ. ಸಟ್ಲೆಜ್ ಮತ್ತು ಜಮುನಾ ಹಡಗುಗಳನ್ನು ಕಡಲಿನ ಆಳ ಅಳೆಯುವ ಸರ್ವೆ ಕೆಲಸಕ್ಕೆ ಮಾರ್ಪಡಿಸಿದರು. ಕೃಷ್ಣಾ ಮತ್ತು ಕಾವೇರಿ ಯುದ್ಧನೌಕೆಗಳಾಗಿಯೇ ಉಳಿದು, ಹೊಸದಾಗಿ ಸೇರಿದ ಕೆಡೆಟ್‌ಗಳಿಗೆ ಕಡಲಿನ ಪಾಠ ಹೇಳುವ ತರಬೇತಿ ದಳಕ್ಕೆ ಸೇರಿದವು.

ಈಗ ಈ ಹಡಗಿನ ಖಾತೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯಬೇಕಾದ ದಿನಕ್ಕೆ ಬರುತ್ತೇನೆ. ಅದು 1961ರ ಡಿಸೆಂಬರ್ 18.

ಭಾರತಕ್ಕೆ ಸ್ವಾತಂತ್ರ್ಯ ಬಂದು ಹದಿನಾಲ್ಕು ವರ್ಷವಾದರೂ ಗೋವಾ, ದಮನ್, ದಿಯು ಪೋರ್ಚುಗೀಸರ ಕೈಯಲ್ಲೇ ಇದ್ದವು. ಪೋರ್ಚುಗಲ್ಲಿನ ಸರ್ವಾಧಿಕಾರಿ ಸಲಜಾರ್ ಬಿಟ್ಟುಕೊಡಲು ಒಪ್ಪಲಿಲ್ಲ. 1961ರ ನವೆಂಬರ್ 24ರಂದು, ನಮ್ಮ ಕಾರವಾರಕ್ಕೆ ಎದುರಿನಲ್ಲೇ ಇರುವ ಅಂಜುದೀವ ದ್ವೀಪದಿಂದ ಪೋರ್ಚುಗೀಸ್ ಸೈನಿಕರು ಕೊಚ್ಚಿ–ಮುಂಬಯಿ ನಡುವೆ ಸಾಗುತ್ತಿದ್ದ ‘ಸಾಬರಮತಿ’ ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿಸಿದರು. ಒಬ್ಬ ಪ್ರಯಾಣಿಕ ಸತ್ತ. ನೆಹರೂ ಅವರ ಸರಕಾರ ಇನ್ನು ಕಾಯುವುದರಲ್ಲಿ ಅರ್ಥವಿಲ್ಲ ಎಂದು ತೀರ್ಮಾನಿಸಿತು. ಆ ಕಾರ್ಯಾಚರಣೆಗೆ ‘ವಿಜಯ್’ ಎಂದು ಹೆಸರಿಟ್ಟರು.

ಗೋವೆಯ ಮುರ್ಮುಗೋವಾ ಬಂದರಿನಲ್ಲಿ ಪೋರ್ಚುಗೀಸರ ಒಂದೇ ಒಂದು ದೊಡ್ಡ ಯುದ್ಧನೌಕೆ ಇತ್ತು. ಅದರ ಹೆಸರು ‘ಅಫೊನ್ಸೊ ಡಿ ಅಲ್ಬುಕರ್ಕ್’. ಈ ಹೆಸರನ್ನು ನೆನಪಿಡಿ. 1510ರಲ್ಲಿ ಬಿಜಾಪುರದ ಆದಿಲಶಾಹಿಯಿಂದ ಗೋವೆಯನ್ನು ಕಿತ್ತುಕೊಂಡವನು ಇದೇ ಅಲ್ಬುಕರ್ಕ್. ಅವನನ್ನು ಗೋವೆಯ ಮೇಲೆ ಹೋಗುವಂತೆ ಹುರಿದುಂಬಿಸಿ ಜೊತೆಗೆ ನಿಂತವನು ನಮ್ಮ ಹೊನ್ನಾವರದ ಕಡೆಯ ತಿಮ್ಮಯ್ಯ. ಪೋರ್ಚುಗೀಸರು ಅವನನ್ನು ತಿಮೋಜ ಎಂದು ಬರೆದಿದ್ದಾರೆ. ಆ ವಿಜಯಶಾಲಿಯ ಹೆಸರನ್ನು ಪೋರ್ಚುಗೀಸರು ತಮ್ಮ ಹಡಗಿಗೆ ಇಟ್ಟಿದ್ದರು.

ಬಂದರಿನ ಬಾಯಿಗೆ ಭಾರತದ ಮೂರು ಫ್ರಿಗೇಟ್‌ಗಳು ಬಂದು ನಿಂತವು: ಬೇತ್ವಾ, ಬಿಯಾಸ್, ಕಾವೇರಿ. ಮೂರೂ ನದಿಗಳ ಹೆಸರು. ಬೇತ್ವಾ ಮತ್ತು ಬಿಯಾಸ್ ಆಗ ಒಂದೆರಡು ವರ್ಷದ ಹೊಸ ಹಡಗುಗಳು. ನಾಲ್ಕೂವರೆ ಅಂಗುಲದ ಫಿರಂಗಿಗಳಿದ್ದವು. ಕಾವೇರಿಗೆ ಹದಿನೆಂಟು ವರ್ಷವಾಗಿತ್ತು. ಅಲ್ಬುಕರ್ಕ್ ಅವಳಿಗಿಂತಲೂ ಹಳೆಯದು, 1930ರ ದಶಕದ್ದು. ಇನ್ನೊಂದು ವಿಚಿತ್ರ ಹೇಳಬೇಕು. ಈ ನಾಲ್ಕು ಹಡಗುಗಳೂ ಬ್ರಿಟನ್ನಿನ ಕಾರ್ಖಾನೆಗಳಲ್ಲೇ ಹುಟ್ಟಿದವು. ಒಂದೇ ಕುಲುಮೆಯ ಮಚ್ಚುಗಳು ಎರಡು ಮನೆಯವರ ಕೈಗೆ ಹೋಗಿ ಎದುರುಬದುರಾದಂತೆ.

ಮಧ್ಯಾಹ್ನ ಸುಮಾರು 12 ಗಂಟೆಗೆ ಬೇತ್ವಾ ಮತ್ತು ಬಿಯಾಸ್ ಬಂದರಿನೊಳಕ್ಕೆ ನುಗ್ಗಿದವು. ಶರಣಾಗಿರಿ ಎಂದು ಮೋರ್ಸ್ ಸಂಕೇತದಲ್ಲಿ ಸೂಚನೆ ಕೊಡುತ್ತಲೇ ಗುಂಡು ಹಾರಿಸಿದವು. ಅಲ್ಬುಕರ್ಕ್ ಲಂಗರು ಎತ್ತಿ, ತಾನೂ ಗುಂಡು ಹಾರಿಸುತ್ತ ಚಲಿಸಿತು. 12 ಗಂಟೆ 15 ನಿಮಿಷಕ್ಕೆ ಅದರ ನಿಯಂತ್ರಣ ಗೋಪುರಕ್ಕೆ ನೇರ ಏಟು ಬಿತ್ತು. ಹತ್ತು ನಿಮಿಷದ ಮೇಲೆ ಹಡಗಿನ ನೆತ್ತಿಯಲ್ಲಿ ಒಂದು ಗುಂಡು ಸಿಡಿದು ರೇಡಿಯೋ ಅಧಿಕಾರಿ ಸತ್ತ. ಕ್ಯಾಪ್ಟನ್ ಅರಗಾವೊ ತೀವ್ರವಾಗಿ ಗಾಯಗೊಂಡ. ಅವನ ಕೆಳಗಿನ ಅಧಿಕಾರಿ ಹಡಗನ್ನು ತಿರುಗಿಸಿ ಬಂಬೊಳಿಯ ಮರಳಿನ ದಂಡೆಗೆ ಏರಿಸಿದ. ಬಿಳಿ ಬಾವುಟವನ್ನೂ ಏರಿಸಿದರು. ಆದರೆ ಅದು ಕಂಬಕ್ಕೆ ಸುತ್ತಿಕೊಂಡು ಬಿಚ್ಚಲಿಲ್ಲ. ಅದು ನಮ್ಮವರ ಕಣ್ಣಿಗೆ ಬೀಳದೆ ಗುಂಡಿನ ದಾಳಿ ಇನ್ನಷ್ಟು ಹೊತ್ತು ನಡೆಯಿತು. 12 ಗಂಟೆ 50 ನಿಮಿಷಕ್ಕೆ ನಾವಿಕರು ಹಡಗನ್ನು ಬಿಟ್ಟು ದಡಕ್ಕೆ ಇಳಿದರು.

ಮುಕ್ಕಾಲು ಗಂಟೆ, ಅಷ್ಟೇ. ಗೋವೆಯನ್ನು ಗೆದ್ದವನ ಹೆಸರಿನ ಹಡಗು 451 ವರ್ಷಗಳ ನಂತರ ಅದೇ ಗೋವೆಯ ಮರಳಿನಲ್ಲಿ ಹೂತು ನಿಂತಿತು. ಅದಕ್ಕೆ ಎದುರಾಗಿ ಬಂದವು ನಮ್ಮ ಯಾವ ರಾಜನ ಹೆಸರಿನವೂ ಅಲ್ಲ, ಮೂರು ನದಿಗಳ ಹೆಸರಿನವು. ಗೆದ್ದವರ ಹೆಸರು ಗೆಲುವು ಇರುವ ತನಕ ಬಾಳುತ್ತದೆ. ನದಿಯ ಹೆಸರು ಯಾರ ಗೆಲುವನ್ನೂ ನೆಚ್ಚಿಕೊಂಡದ್ದಲ್ಲ. ಮರುದಿನ, ಡಿಸೆಂಬರ್ 19ರಂದು, ಕೊನೆಯ ಉಸಿರಿನವರೆಗೆ ಕಾದಾಡಿರಿ ಎಂಬ ಸಲಜಾರನ ಅಪ್ಪಣೆಯನ್ನು ಮೀರಿ ಗವರ್ನರ್ ವಸ್ಸಾಲೊ ಇ ಸಿಲ್ವ ಶರಣಾದ. ಸಾವಿರಾರು ಜೀವ ಉಳಿಯಿತು. ತನ್ನ ದೇಶದಲ್ಲಿ ಅವನಿಗೆ ಸಿಕ್ಕಿದ್ದು ಅವಮಾನ.

ನಮ್ಮ ಕಡೆಯೂ ನಷ್ಟವಿಲ್ಲದೆ ಇರಲಿಲ್ಲ. ಅಂಜುದೀವ ದ್ವೀಪಕ್ಕೆ ಮೈಸೂರು ಮತ್ತು ತ್ರಿಶೂಲ್ ಹಡಗುಗಳಿಂದ ಇಳಿದ ನಾವಿಕರಲ್ಲಿ ಏಳು ಮಂದಿ ಅಲ್ಲಿ ಪ್ರಾಣ ಕೊಟ್ಟರು. ಕಾರವಾರದ ಕಡೆಗೆ ಹೋದಾಗ ಕಡಲಿನಲ್ಲಿ ಆ ದ್ವೀಪ ಕಂಡರೆ ಅವರನ್ನು ಒಂದು ಕ್ಷಣ ನೆನೆಯಿರಿ.

ಗೋವಾದ ನಂತರ ಕಾವೇರಿಯ ಖಾತೆಯಲ್ಲಿ ಅಂಥ ದೊಡ್ಡ ಸಾಲುಗಳಿಲ್ಲ. ಯುದ್ಧದ ರೀತಿಯೇ ಬದಲಾಯಿತು. 1971ರ ಡಿಸೆಂಬರಿನಲ್ಲಿ ನಮ್ಮ ಚಿಕ್ಕ ಕ್ಷಿಪಣಿ ದೋಣಿಗಳು ಕರಾಚಿ ಬಂದರಿಗೆ ಬೆಂಕಿ ಇಟ್ಟವು. ಅದೇ ಯುದ್ಧದಲ್ಲಿ, ಡಿಸೆಂಬರ್ 9ರಂದು, ಕಾವೇರಿಗಿಂತ ಹೊಸದಾದ ‘ಖುಕ್ರಿ’ ಫ್ರಿಗೇಟನ್ನು ಪಾಕಿಸ್ತಾನದ ಜಲಾಂತರ್ಗಾಮಿಯೊಂದು ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗನ್ನು ಬಿಡದೆ ಅದರೊಂದಿಗೇ ಮುಳುಗಿದರು. ಇಂಥ ಕಾಲದಲ್ಲಿ ಇಪ್ಪತ್ತೆಂಟು ವರ್ಷದ ಕಾವೇರಿ ಹಳೆಯ ಕಾಲದವಳು. ಆದರೂ ಹುಡುಗರಿಗೆ ಕಡಲಿನ ಪಾಠ ಹೇಳಲು ಹಳೆಯ ಹಡಗೇ ಮೇಲು. ಹಗ್ಗ ಕಟ್ಟುವುದು, ನಕ್ಷತ್ರ ನೋಡಿ ದಾರಿ ಹಿಡಿಯುವುದು, ಅಲೆಯ ಮೇಲೆ ವಾಂತಿ ಮಾಡಿಕೊಂಡೂ ಕಾವಲು ಬಿಡದಿರುವುದು, ಇವೆಲ್ಲವನ್ನೂ ಕಾವೇರಿ, ಕೃಷ್ಣಾ ಮತ್ತು ತೀರ್ ಎಂಬ ಹಡಗುಗಳ ಮೇಲೆ ಎಷ್ಟೋ ಮಂದಿ ಕಲಿತರು.

1970ರ ದಶಕದ ಕೊನೆಯಲ್ಲಿ ಕಾವೇರಿಯ ಸೇವೆ ಮುಗಿಯಿತು. ಹಡಗಿನ ನಿವೃತ್ತಿಗೂ ಒಂದು ಪದ್ಧತಿಯಿದೆ. ಸೂರ್ಯ ಮುಳುಗುವ ಹೊತ್ತಿಗೆ ನಾವಿಕರು ಸಾಲಾಗಿ ನಿಲ್ಲುತ್ತಾರೆ. ಕಹಳೆ ಊದುತ್ತಾರೆ. ಬಾವುಟವನ್ನು ಕೊನೆಯ ಸಲ ನಿಧಾನವಾಗಿ ಇಳಿಸುತ್ತಾರೆ. ಅಲ್ಲಿಂದ ಮುಂದೆ ಅದು ಬರೀ ಕಬ್ಬಿಣ. ಬ್ಯಾಂಕಿನ ಲೆಕ್ಕದಲ್ಲಿ ಇದಕ್ಕೆ ಸವಕಳಿ ಎನ್ನುತ್ತೇವೆ: ವರ್ಷವರ್ಷ ಬೆಲೆ ಇಳಿಸುತ್ತ ಬಂದು, ಕೊನೆಗೆ ಗುಜರಿ ಬೆಲೆಗೆ ತಂದು ನಿಲ್ಲಿಸುವುದು. ಕಾವೇರಿಯನ್ನೂ ಒಡೆದು ಗುಜರಿಗೆ ಹಾಕಿದರು. ಅವಳ ಉಕ್ಕು ಯಾವ ಮನೆಯ ಕಂಬಿಯಾಯಿತೋ, ಯಾವ ಹೊಲದ ಗುದ್ದಲಿಯಾಯಿತೋ.

ಕೆಲವು ಹಡಗುಗಳಿಗೆ ಬೇರೆ ಭಾಗ್ಯ ಸಿಕ್ಕಿದೆ. ವಿಶಾಖಪಟ್ಟಣದ ಕಡಲ ತೀರದಲ್ಲಿ ‘ಕುರ್ಸುರಾ’ ಎಂಬ ಜಲಾಂತರ್ಗಾಮಿಯನ್ನು 2002ರಿಂದ ವಸ್ತುಸಂಗ್ರಹಾಲಯವಾಗಿ ಇಟ್ಟಿದ್ದಾರೆ. ಕಾರವಾರದ ಕಡಲ ತೀರದಲ್ಲಿ ‘ಚಪಲ್’ ಎಂಬ ಕ್ಷಿಪಣಿ ದೋಣಿ ಇದೆ. ಮಕ್ಕಳು ಹತ್ತಿ ನೋಡಬಹುದು. ಹೆಸರುಗಳ ಮಟ್ಟಿಗೂ ಹಾಗೆಯೇ. ಹಂಚಿಕೆಯಲ್ಲಿ ಕಳೆದುಕೊಂಡ ಗೋದಾವರಿಯ ಹೆಸರನ್ನು ಭಾರತ ಮತ್ತೆ ತಂದಿತು. ಮುಂಬಯಿಯ ಮಜಗಾಂವ್ ಕಾರ್ಖಾನೆಯಲ್ಲಿ ಕಟ್ಟಿದ ಹೊಸ ‘ಗೋದಾವರಿ’ 1983ರಲ್ಲಿ ಸೇವೆಗೆ ಸೇರಿ, 2015ರ ಡಿಸೆಂಬರಿನಲ್ಲಿ ನಿವೃತ್ತವಾಯಿತು. ಬ್ರಿಟನ್ನಿನಿಂದ ಕೊಂಡ ಒಂದು ಹಡಗಿಗೆ 1995ರಲ್ಲಿ ‘ಕೃಷ್ಣಾ’ ಎಂಬ ಹೆಸರು ಬಂತು. ಅದೂ 2012ರವರೆಗೆ ತರಬೇತಿ ಹಡಗಾಗಿತ್ತು. ಹೊಸ ಬೇತ್ವಾ 2004ರಲ್ಲೂ ಹೊಸ ಬಿಯಾಸ್ 2005ರಲ್ಲೂ ಬಂದವು. ಆದರೆ ಕಾವೇರಿ ಎಂಬ ಫ್ರಿಗೇಟ್ ಮತ್ತೆ ಬಂದಿಲ್ಲ.

ಇಷ್ಟು ಹೇಳಿದ ಮೇಲೆ ನನಗೆ ಮುಖ್ಯವಾಗಿ ಕಂಡ ಒಂದು ಸಂಗತಿಯನ್ನು ನಿಮ್ಮೊಂದಿಗೆ ಹಂಚಿಕೊಳ್ಳಬೇಕು. ಸುತ್ತ ನೂರಾರು ಮೈಲಿ ನೀರಿದ್ದರೂ ಕಡಲಿನಲ್ಲಿ ಕುಡಿಯಲು ಒಂದು ಲೋಟ ನೀರು ಸಿಗುವುದಿಲ್ಲ. ಉಪ್ಪು ನೀರನ್ನು ಕಾಯಿಸಿ, ಆವಿಯನ್ನು ತಣಿಸಿ, ಸಿಹಿನೀರು ಮಾಡಿಕೊಳ್ಳಬೇಕು. ಕಾವೇರಿ ಹಬೆಯಿಂದ ಓಡುತ್ತಿದ್ದ ಹಡಗು. ಅಂಥ ಹಡಗುಗಳಲ್ಲಿ ಬಾಯ್ಲರಿಗೂ ಸಿಹಿನೀರೇ ಬೇಕು, ನಾವಿಕರಿಗೂ ಸಿಹಿನೀರೇ ಬೇಕು. ಆದ್ದರಿಂದ ಆ ಕಾಲದ ಯುದ್ಧನೌಕೆಗಳಲ್ಲಿ ನೀರಿಗೆ ರೇಷನ್ ಇತ್ತು. ಯಂತ್ರ ಸರಿಯಾಗಿದ್ದರೆ ಸ್ನಾನಕ್ಕೂ ಸಿಗುತ್ತಿತ್ತು. ಕೆಟ್ಟರೆ ಕುಡಿಯಲು ಮಾತ್ರ. ಕೊರತೆ ಬಂದಾಗ ಕೊರತೆಯನ್ನೂ ಹಂಚಿಕೊಳ್ಳಬೇಕಿತ್ತು. ತಮಿಳು ನಾವಿಕನಿಗೆ ಇಷ್ಟು, ಕನ್ನಡದವನಿಗೆ ಇಷ್ಟು, ಪಂಜಾಬಿಯವನಿಗೆ ಇಷ್ಟು ಎಂದು ಬೇರೆಬೇರೆ ಅಳತೆ ಇಟ್ಟರೆ ಹಡಗು ಬಂದರು ಮುಟ್ಟುತ್ತಿರಲಿಲ್ಲ.

ನಮ್ಮ ನೆಲದ ಕಾವೇರಿಯ ಕಥೆ ನಿಮಗೆ ಗೊತ್ತೇ ಇದೆ. 1892ರ ಮತ್ತು 1924ರ ಒಪ್ಪಂದಗಳು; 1990ರಲ್ಲಿ ನ್ಯಾಯಮಂಡಳಿ; 1991ರ ಮಧ್ಯಂತರ ಆದೇಶ, ಅದರ ಹಿಂದೆ ಬಂದ ಗಲಭೆ; 2007ರ ಅಂತಿಮ ತೀರ್ಪು; 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟು ತಮಿಳುನಾಡಿಗೆ 177.25 ಟಿ.ಎಂ.ಸಿ. ಎಂದು ಹೇಳಿದ್ದು. ಮಳೆ ಚೆನ್ನಾಗಿ ಬಂದ ವರ್ಷ ಯಾರಿಗೂ ಈ ಅಂಕಿಗಳ ನೆನಪು ಇರುವುದಿಲ್ಲ. ಮಳೆ ಕೈಕೊಟ್ಟು, ಮೇಟೂರಿನ ನೀರು ಇಳಿದು, ಪಣ್ಣವಾಡಿಯಲ್ಲಿ ಮುಳುಗಿದ್ದ ನಂದಿ ತಲೆ ಎತ್ತಿದಾಗ ಎಲ್ಲರಿಗೂ ನೆನಪಾಗುತ್ತದೆ. ಕೊರತೆಯ ವರ್ಷದಲ್ಲಿ ಕೊರತೆಯನ್ನು ಹೇಗೆ ಹಂಚಿಕೊಳ್ಳಬೇಕು ಎಂಬ ಸಂಕಷ್ಟ ಸೂತ್ರದ ಬಗ್ಗೆಯೇ ಎರಡು ರಾಜ್ಯಗಳ ನಡುವೆ ಇಷ್ಟು ವರ್ಷ ವಾದ ನಡೆದಿದೆ. ಆ ಹೊತ್ತಿನಲ್ಲಿ ಗಡಿಯ ಆಚೆ ತಮಿಳು ಮಾತಾಡಲು ಒಬ್ಬ ಹೆದರುತ್ತಾನೆ, ಈಚೆ ಕನ್ನಡ ಮಾತಾಡಲು ಇನ್ನೊಬ್ಬ ಹೆದರುತ್ತಾನೆ. ಎರಡೂ ಭಾಷೆಯನ್ನು ಮನೆಯಲ್ಲಿಟ್ಟುಕೊಂಡ ನಾವು ಎರಡೂ ಕಡೆಯ ಬೈಗುಳವನ್ನು ಕೇಳುತ್ತೇವೆ.

ಕಾವೇರಿ ಎಂಬ ಹಡಗು ಯಾವ ರಾಜ್ಯದ ಸ್ವತ್ತೂ ಆಗಿರಲಿಲ್ಲ. ಅವಳ ಹೆಸರನ್ನು ಎದೆಯ ಮೇಲಿನ ಬಿಲ್ಲೆಯಂತೆ ಟೋಪಿಯ ಪಟ್ಟಿಯ ಮೇಲೆ ಧರಿಸಿದ ನಾವಿಕರು ಯಾವ ಯಾವ ನದಿಯ ನೀರು ಕುಡಿದು ಬೆಳೆದವರೋ. ಆ ಹೆಸರಿನ ಕೆಳಗೆ ಅವರೆಲ್ಲ ಒಂದೇ ಅಳತೆಯ ನೀರು ಕುಡಿದರು, ಒಂದೇ ಕಾವಲು ಕಾದರು. ಹಡಗು ಈಗ ಇಲ್ಲ. ಅವಳು ಪಾಲಿಸಿದ ಆ ಅಳತೆ ನಮ್ಮ ನದಿಗೂ ಬೇಕಾಗಿದೆ.

ಮುಂದಿನ ಆಡಿ ಹದಿನೆಂಟಕ್ಕೆ ಕಟ್ಟೆಯ ಬಳಿಗೆ ಹೋದಾಗ, ನೀರಿಗೆ ಹೂವು ಬಿಡುವ ಮಕ್ಕಳಿಗೆ ಈ ಹೆಸರಿನ ಹಡಗೊಂದು ಇತ್ತು ಎಂದು ಹೇಳಿ. ಕನ್ನಡದಲ್ಲಿ ಹೇಳಿದರೂ ಸರಿ, ತಮಿಳಿನಲ್ಲಿ ಹೇಳಿದರೂ ಸರಿ.